ಇಳಿಯುವುದಕ್ಕೆ ರಿಯಾಯಿತಿ

2007ರ ಕೇಂದ್ರ ಕಾಯ್ದೆಯ ಪ್ರಕಾರ ಅರವತ್ತು ತುಂಬಿದವರು ಹಿರಿಯ ನಾಗರಿಕರು. ನಮ್ಮ ಬಡಾವಣೆಯ ಸಾರ್ವಜನಿಕ ಈಜುಕೊಳದ ಪ್ರಕಾರ ಅರವತ್ತು ತುಂಬಿದವರೆಲ್ಲ ಹೃದ್ರೋಗಿಗಳು; ಅಲ್ಲವೆಂದು ಡಾಕ್ಟರ ಕೈಯಲ್ಲಿ ಬರೆಸಿಕೊಂಡು ಬರುವ ತನಕ ನೀರು ಮುಟ್ಟುವಂತಿಲ್ಲ. ಕೌಂಟರಿನ ಮುಂದೆ ನಿಂತು ನಾನಿದನ್ನು ಅರಗಿಸಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಮೂವತ್ತೈದರ ಆಸಾಮಿಯೊಬ್ಬ, ಆಗ ತಾನೇ ಎದುರಿನ ದರ್ಶಿನಿಯಲ್ಲಿ ಮಸಾಲೆ ದೋಸೆ ಮುಗಿಸಿ ಬಂದವನು, ಬೆರಳಿಗಂಟಿದ ಚಟ್ನಿ ಒರೆಸಿಕೊಂಡು ಒಂದು ಸಹಿ ಹಾಕಿ ಒಳಗೆ ನಡೆದ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದಿತ್ತು. ಅದನ್ನು ಯಾರೂ ವಿಚಾರಿಸಲಿಲ್ಲ.

ಮೊಣಕಾಲಿಗೆ ನೀರಿನ ವ್ಯಾಯಾಮಕ್ಕಿಂತ ಒಳ್ಳೆಯದಿಲ್ಲ ಎಂದು ನನ್ನನ್ನು ಕೊಳಕ್ಕೆ ಅಟ್ಟಿದವರೇ ನಮ್ಮ ಡಾಕ್ಟರು. "ಸರಿ, ಅದನ್ನೇ ಬರೆದುಕೊಡಿ" ಅಂದದ್ದೇ ತಡ, ಪೆನ್ನು ಕೆಳಗಿಟ್ಟರು. ಇಸಿಜಿ ಆಯಿತು, ಎಕೋ ಆಯಿತು, ಸಕ್ಕರೆ ನೋಡಿದ್ದಾಯಿತು. ಕೊನೆಗೆ ಚೀಟಿಯಲ್ಲಿ ಬರೆದದ್ದು ಇಷ್ಟು: ಈಜಬಹುದು, ಆಯಾಸ ಮಾಡಿಕೊಳ್ಳಬಾರದು. ನೀರಿಗಿಳಿಯುವ ಮೊದಲೇ ನಾನು ಮಾಡಿಕೊಂಡಿದ್ದ ಆಯಾಸ ಅವರ ಲೆಕ್ಕಕ್ಕೆ ಬರಲಿಲ್ಲ.

ಇನ್ನು ವೇಳಾಪಟ್ಟಿ. ಬೆಳಿಗ್ಗೆ ಆರರಿಂದ ಆಫೀಸಿಗೆ ಹೋಗುವವರ ಬ್ಯಾಚುಗಳು. ಸಂಜೆಯಿಡೀ ಕೋಚಿಂಗ್ ಮಕ್ಕಳದ್ದು. ಹನ್ನೊಂದಕ್ಕೆ ಲೇಡೀಸ್ ಬ್ಯಾಚು. ಹಿರಿಯರಿಗೆ ಹನ್ನೆರಡರಿಂದ ಒಂದು. "ಬಿಸಿಲಿಗೆ ನೀರು ಬೆಚ್ಚಗಾಗಿರುತ್ತೆ ಅಮ್ಮಾ, ನಿಮ್ಮ ಒಳ್ಳೇದಕ್ಕೇ ಇಟ್ಟಿರೋದು" ಎಂದರು ಸೂಪರ್‌ವೈಸರ್. ನೀರೇನೋ ಬೆಚ್ಚಗಿರುತ್ತದೆ, ತಲೆ ಕಾದಿರುತ್ತದೆ. ಅದಕ್ಕಿಂತ ಹೆಚ್ಚಿಗೆ, ಹಗಲು ಹನ್ನೆರಡಕ್ಕೆ ಬೆಂಗಳೂರಿನ ಅಜ್ಜ ಅಜ್ಜಿಯರೆಲ್ಲ ಎಲ್ಲಿರುತ್ತಾರೆಂದು ಆ ಪಟ್ಟಿ ಬರೆದವರಿಗೆ ಗೊತ್ತಿರಲಿಲ್ಲ. ನರ್ಸರಿ ಶಾಲೆಯ ಗೇಟಿನ ಮುಂದೆ, ಕೈಯಲ್ಲೊಂದು ನೀರಿನ ಬಾಟಲಿ ಹಿಡಿದು ನಿಂತಿರುತ್ತಾರೆ. ಮೊಮ್ಮಕ್ಕಳಿಗೆ ರಜೆ ಬಂದು ನಮಗೆ ಬಿಡುವಾಯಿತು ಅನ್ನುವಷ್ಟರಲ್ಲಿ ಏಪ್ರಿಲ್. "ಸಮ್ಮರ್ ಕ್ಯಾಂಪ್ ಇದೆ, ಸೀನಿಯರ್ ಬ್ಯಾಚ್ ಬಂದ್. ಜೂನಲ್ಲಿ ಬನ್ನಿ." ಜೂನಲ್ಲಿ ಮಳೆ ಹಿಡಿಯುತ್ತದೆ. ಮಳೆ ಬಿಟ್ಟರೆ ಚಳಿ. ಹಿರಿಯರು ಈಜಲು ಬರುವುದೇ ಇಲ್ಲ ಎಂದು ರಿಜಿಸ್ಟರ್ ತೋರಿಸಿ ಆಮೇಲೆ ಅವರೇ ನಿರೂಪಿಸುತ್ತಾರೆ.

ಹಾಗಾಗಿ ನಾನು ಸೇರಿದ್ದು ಲೇಡೀಸ್ ಬ್ಯಾಚಿಗೆ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವಳು ನಾನು. ಅಣ್ಣಂದಿರು ಮೇಲಿಂದ ಧುಮುಕಿದರೆ ಒಂದು ಬಾವಿ ನೀರನ್ನೂ ಕುಡಿದವಳು. ಆದರೆ ಈಗ ಬೇಕಿರುವುದು ಈಜಲ್ಲ, ನಡಿಗೆ. ಎದೆಮಟ್ಟದ ನೀರಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುವುದು. ಕೋಚ್ ಹುಡುಗಿ ಸೀಟಿ ಊದಿದಳು. "ಆಂಟಿ, ಇದು ಸ್ವಿಮ್ಮಿಂಗ್ ಪೂಲು. ವಾಕಿಂಗ್‌ಗೆ ಪಾರ್ಕ್ ಇದೆ." ಪಾರ್ಕಿನಲ್ಲಿ ನಡೆಯಲಾಗದ್ದಕ್ಕೇ ಅಲ್ಲವೇ ತಾಯಿ ಇಲ್ಲಿಗೆ ಬಂದದ್ದು! ಆ ಹೊತ್ತಿಗೆ ಟ್ಯೂಬು ಹಾಕಿಕೊಂಡ ಎಳೆಯ ತಾಯಂದಿರು ಎರಡೂ ಕಡೆಯಿಂದ ಬಂದು ಢಿಕ್ಕಿ ಹೊಡೆದು "ಸಾರಿ ಆಂಟಿ" ಎನ್ನುತ್ತ ತೇಲಿಹೋಗಿದ್ದರು.

ಆದರೂ ನೀರಿನೊಳಗಿನ ಆ ಸುಖವನ್ನು ಹೇಳದೆ ಇದ್ದರೆ ಅನ್ಯಾಯ. ಕತ್ತಿನವರೆಗೆ ಮುಳುಗಿದರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಎದೆಮಟ್ಟದಲ್ಲಿ ಮೂರನೇ ಒಂದಕ್ಕೆ. ದಡದಲ್ಲಿ 65 ಕಿಲೋ ಇರುವ ನಾನು ಕತ್ತಿನವರೆಗೆ ಹೋದರೆ ನಾಲ್ಕೈದು ತಿಂಗಳ ಕೂಸಿನಷ್ಟು. ಮಂಡಿ ಎಂಬ ಅಂಗವೊಂದು ಇದೆಯೆಂಬುದೇ ಮರೆತುಹೋಗುತ್ತದೆ. ಒಂದು ಗಂಟೆಯ ಮಟ್ಟಿಗೆ ಆರ್ಕಿಮಿಡೀಸನಿಗೆ ನಮಸ್ಕಾರ.

ಗಂಟೆ ಮುಗಿದು ಸೀಟಿ ಊದಿದಾಗ ಅವನು ಕೈಬಿಡುತ್ತಾನೆ. ಹತ್ತಿಬರಲು ಇರುವುದು ಗೋಡೆಗೆ ನೆಟ್ಟಗೆ ಅಂಟಿಸಿದ ಒಂದು ಕಬ್ಬಿಣದ ಏಣಿ. ಅದರ ಕೆಳಗಿನ ಮೆಟ್ಟಿಲೇ ನನ್ನ ಮಂಡಿಗಿಂತ ಮೇಲಿದೆ. ಮೊದಲ ಹೆಜ್ಜೆಗೆ ಇಪ್ಪತ್ತು ಕಿಲೋ, ಎರಡನೆಯದಕ್ಕೆ ನಲವತ್ತು, ಕೊನೆಗೆ ಒದ್ದೆ ನೈಲಾನ್ ಬಟ್ಟೆ ಸಮೇತ ಅಷ್ಟೂ ಭಾರ ಒಮ್ಮೆಗೇ ವಾಪಸು. ಮೇಲಿಂದ ಕೋಚ್ ಎಳೆಯುತ್ತಾಳೆ, ಕೆಳಗಿಂದ ಇಬ್ಬರು ತಾಯಂದಿರು ತಳ್ಳುತ್ತಾರೆ, ಎಲ್ಲಿ ತಳ್ಳಬೇಕೆಂಬ ಸಂಕೋಚ ಅವರಿಗೆ, ತಳ್ಳಿಸಿಕೊಳ್ಳುವ ಸಂಕೋಚ ನನಗೆ. ನಾನು ದಡ ಸೇರಿದಾಗ ಯಾರೋ ಚಪ್ಪಾಳೆ ತಟ್ಟಿದರು. ಅದೊಂದು ಬೇಡವಾಗಿತ್ತು.

ಅಮೆರಿಕದಲ್ಲಿ ದೊಡ್ಡ ಸಾರ್ವಜನಿಕ ಕೊಳಗಳಿಗೆ ಇಳಿಜಾರು ದಾರಿ ಅಥವಾ ಕೂರಿಸಿ ಇಳಿಸುವ ಲಿಫ್ಟು ಇರಬೇಕೆಂಬ ನಿಯಮವಿದೆ. ಆದರೆ ಮಗನ ಮನೆಗೆ ಹೋಗಿಬಂದವರು ಅಮೆರಿಕದ ಸುದ್ದಿ ತೆಗೆದರೆ ಇಲ್ಲಿ ಯಾರಿಗೂ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಹಳೇಬೀಡಿನ ಹತ್ತಿರ ಹುಲಿಕೆರೆಗೆ ಹೋಗಿ ನೋಡಿ. ಹೊಯ್ಸಳರು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಲ್ಯಾಣಿ. ನೀರಿನವರೆಗೂ ಮೆಟ್ಟಿಲೋ ಮೆಟ್ಟಿಲು. ಹಂಪಿಯ ಪುಷ್ಕರಣಿಯಲ್ಲಿ ನಾಲ್ಕೂ ಕಡೆ. ಮನುಷ್ಯರಿಗೆ ಮಂಡಿಯಿದೆ, ಅದು ಒಂದು ದಿನ ಸವೆಯುತ್ತದೆ ಎಂಬುದು ಆ ಶಿಲ್ಪಿಗಳಿಗೆ ಗೊತ್ತಿತ್ತು. ನಮ್ಮೂರ ಬಾವಿಗೂ ಗೋಡೆಯಿಂದ ಚಾಚಿದ ಚಪ್ಪಡಿಗಳಿದ್ದವು. ಅದರಲ್ಲಿ ಹತ್ತಿಬರುತ್ತಿದ್ದ ನಮ್ಮಜ್ಜಿಯ ಹಿಂದೆ ಯಾರೂ ನಿಂತು ತಳ್ಳಬೇಕಾಗಿರಲಿಲ್ಲ.

ಇದನ್ನೇ ಸೂಪರ್‌ವೈಸರಿಗೆ ಹೇಳಿದೆ. "ಅದು ದೇವಸ್ಥಾನದ್ದು ಅಮ್ಮಾ. ಇದು ಇಪ್ಪತ್ತೈದು ಮೀಟರು, ಕಾಂಪಿಟಿಶನ್ ಸೈಜು. ಒಳಗೆ ಮೆಟ್ಟಿಲು ಹಾಕಿದ್ರೆ ಅಳತೆ ಕೆಡುತ್ತೆ, ರೆಕಾರ್ಡ್ ಮಾಡೋಕಾಗಲ್ಲ."

ನಮ್ಮ ಕೊಳದಲ್ಲಿ ಈವರೆಗೆ ಆಗಿರುವ ದಾಖಲೆಯೆಂದರೆ ಕಳೆದುಹೋದ ಟವೆಲುಗಳದ್ದು. ಆದರೂ ದಾಖಲೆಯ ಮಾತು ಬಂತೆಂದು ನಾನು ಜಪಾನಿನ ಮಿಯೆಕೊ ನಾಗಾವೊಕಾ ಅವರ ಕತೆ ಹೇಳಿದೆ. ಎಂಬತ್ತು ವಯಸ್ಸಿನ ಹೊತ್ತಿಗೆ ಮೊಣಕಾಲು ನೋವಿಗೆಂದು ನೀರಿಗಿಳಿದ ಹೆಂಗಸು. 2015ರಲ್ಲಿ, ನೂರು ವರ್ಷದವರಾಗಿದ್ದಾಗ, ಇಪ್ಪತ್ತೈದು ಮೀಟರಿನ ಇಂಥದ್ದೇ ಕೊಳದಲ್ಲಿ 1500 ಮೀಟರ್ ಈಜಿದರು: 1 ಗಂಟೆ 15 ನಿಮಿಷ 54 ಸೆಕೆಂಡು. ನೂರು ತುಂಬಿದವರಲ್ಲಿ ಅಷ್ಟು ದೂರ ಈಜಿ ಮುಗಿಸಿದವರು ಅವರೇ ಮೊದಲು. ಸೂಪರ್‌ವೈಸರ್ ಗಂಭೀರವಾಗಿ ಕೇಳಿಸಿಕೊಂಡರು.

"ಅವ್ರಿಗೆ ಫಿಟ್ನೆಸ್ ಸರ್ಟಿಫಿಕೇಟ್ ಯಾರು ಕೊಟ್ರು?"

ನಾವು ಕೆಲವರು ಸೇರಿ ಮನವಿ ಬರೆದೆವು. ಮಕ್ಕಳನ್ನು ಓಡಿಸಿ ನಮಗೆ ಕೊಡಿ ಎಂದಲ್ಲ. ಈಜು ಬಾರದ ಮಕ್ಕಳು ಕೆರೆಕಟ್ಟೆಗಳ ಪಾಲಾಗುವ ನಾಡಿನಲ್ಲಿ ಆ ಕ್ಯಾಂಪುಗಳು ಬೇಕೇ ಬೇಕು. ಕೇಳಿದ್ದು ಅಂಚಿನಲ್ಲಿ ಹಗ್ಗ ಕಟ್ಟಿದ ಒಂದು ಸಾಲು, ಹಿಡಿಯಲೊಂದು ಕಂಬಿ, ಇಳಿಸಿ ಎತ್ತಿಡಬಹುದಾದ ಸ್ಟೀಲ್ ಮೆಟ್ಟಿಲು, ಮತ್ತೆ ಸೂರ್ಯ ನೆತ್ತಿಯ ಮೇಲಿಲ್ಲದ ಒಂದು ಗಂಟೆ. ಮೇಲಿನ ಆಫೀಸಿನಿಂದ ಉತ್ತರ ಬಂತು: ಹಿರಿಯ ನಾಗರಿಕರಿಗೆ ಶುಲ್ಕದಲ್ಲಿ ಶೇ. 25 ರಿಯಾಯಿತಿ. ಸರ್ಕಾರಿ ಬಸ್ಸಿನಲ್ಲಿ ಕೊಡುತ್ತಾರಲ್ಲ, ಅದೇ ಲೆಕ್ಕ. ಬಸ್ಸಿಗಾದರೂ ಬಾಗಿಲಿನಲ್ಲಿ ಮೆಟ್ಟಿಲಿರುತ್ತದೆ.

ಮೊನ್ನೆ ಸೂಪರ್‌ವೈಸರೇ ಕೈ ಬೀಸಿ ಕರೆದರು. ಬರುವ ಮಾರ್ಚಿಗೆ ಅವರಿಗೂ ಅರವತ್ತಂತೆ, ರಿಟೈರ್ಡಂತೆ. ಅತ್ತಿತ್ತ ನೋಡಿ ದನಿ ತಗ್ಗಿಸಿ ಕೇಳಿದರು. "ಅಮ್ಮಾ, ನಿಮ್ಮ ಆ ಮನವಿದು ಜೆರಾಕ್ಸ್ ಇದೆಯಾ? ಇನ್ನೊಂದ್ಸಲ ಕೊಡಿ, ನಾನೇ ಫಾರ್ವರ್ಡ್ ಮಾಡ್ತೀನಿ. ಹಾಗೇ ಒಂದು ಸಾಲು ಸೇರಿಸ್ಬಿಡಿ, ಬೆಳಿಗ್ಗೆ ಆರರ ಬ್ಯಾಚು ಬೇಕು ಅಂತ. ಮಧ್ಯಾಹ್ನ ಹನ್ನೆರಡಕ್ಕೆಲ್ಲ ಯಾರು ಬರ್ತಾರೆ?"