ಇಲ್ಲದ ಯೂನಿಯನ್ನಿನ ನಾಯಕರು

ವಿಮಾನ ಕಂಪನಿಯಲ್ಲಿ ಕೆಲಸ ಅಂದರೆ ನೆಂಟರಿಷ್ಟರ ಲೆಕ್ಕದಲ್ಲಿ ಆಕಾಶದಲ್ಲಿ ಹಾರಾಡುವ ಕೆಲಸ. ನನ್ನದು ನೆಲದ ಮೇಲಿನದು. ಎಷ್ಟು ಜನ, ಎಷ್ಟು ಬ್ಯಾಗು, ಎಷ್ಟು ಇಂಧನ ಎಂದು ಕೂಡಿಸಿ ಕಳೆದು ಲೋಡ್ ಶೀಟ್ ಮಾಡಿ ಕ್ಯಾಪ್ಟನ್ ಕೈಗೆ ಕೊಡುವುದು. ಆದರೆ ಈ ನೌಕರಿಯಲ್ಲಿ ನಾನು ಹೊತ್ತ ಅತಿ ದೊಡ್ಡ ಭಾರ ಯಾವ ಶೀಟಿನಲ್ಲೂ ದಾಖಲಾಗಿಲ್ಲ. ಅವರೇ ನಮ್ಮ ರಾಯರು.

ಇಂಥವರು ಪ್ರತಿ ಏರ್‌ಲೈನ್ಸಿನಲ್ಲೂ ಒಬ್ಬರಿರುತ್ತಾರೆ. ಎಚ್ಆರ್ ಕಳಿಸಿದ ಸರ್ಕ್ಯುಲರನ್ನು ಕೊನೆಯ ಪುಟದವರೆಗೂ ಓದುವ ಏಕೈಕ ಮನುಷ್ಯ. ಕಂಕುಳಲ್ಲಿ ಸದಾ ಒಂದು ಪ್ಲಾಸ್ಟಿಕ್ ಫೈಲು, ಅದರೊಳಗೆ ಜೆರಾಕ್ಸು, ಅದರ ಜೆರಾಕ್ಸು. ಕ್ಯಾಂಟೀನಿನ ಇಡ್ಲಿಯ ಗಾತ್ರ ಕುಗ್ಗಿದ ದಿನಾಂಕವನ್ನೂ ಬರೆದಿಟ್ಟಿರುತ್ತಾರೆ. ನಮ್ಮ ರಾಯರು ವಿಮಾನ ರಿಪೇರಿಯ ಟೆಕ್ನಿಷಿಯನ್. ಕೆಲಸದಲ್ಲಿ ಎತ್ತಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಮಿಕ್ಕ ಎಲ್ಲದರಲ್ಲೂ ಎರಡು ಮಾತು, ಎರಡೂ ಅವರದೇ.

ನಮ್ಮದು ಖಾಸಗಿ ಕಂಪನಿ. ಅಲ್ಲಿ ಯೂನಿಯನ್ನೇ ಇರಲಿಲ್ಲ. ಇಲ್ಲದ ಯೂನಿಯನ್ನಿನಲ್ಲಿ ಎರಡು ಬಣ ಹುಟ್ಟುಹಾಕಿದ ಕೀರ್ತಿ ರಾಯರದು.

ಬೆಳಗಿನ ಮೊದಲ ವಿಮಾನದ ಡ್ಯೂಟಿ ಇದ್ದರೆ ರಾತ್ರಿ ಎರಡೂವರೆಗೆ ಬನಶಂಕರಿಯಲ್ಲಿ ಕಂಪನಿಯ ಕ್ಯಾಬು. ಹತ್ತಿದವರೆಲ್ಲ ಕಿಟಕಿಗೆ ತಲೆಯಾನಿಸಿ ದೇವನಹಳ್ಳಿವರೆಗೆ ಒಂದು ನಿದ್ದೆ ತೆಗೆಯುವುದು ರೂಢಿ. ರಾಯರು ಹತ್ತುವುದು ಜಯನಗರದಲ್ಲಿ. ಬಾಗಿಲು ಎಳೆದುಕೊಳ್ಳುವ ಮೊದಲೇ, "ನೋಡ್ರೀ, ಒಂದು ರೂಪಾಯಿ ಬಿಟ್ಟುಕೊಡಬಾರದು, ಬಿಟ್ಟರೆ ಕೆಟ್ಟೆವು" ಎಂದು ಶುರು. ಯಾರು ಕೇಳಿದರು, ಏನು ಬಿಟ್ಟುಕೊಡಬಾರದು ಎಂಬುದು ಹೆಬ್ಬಾಳ ಫ್ಲೈಓವರ್ ಹತ್ತುವ ಹೊತ್ತಿಗೆ ತಿಳಿಯುತ್ತದೆ. ಗೊರಕೆ ನಟಿಸಿ ನೋಡಿದೆ. "ಇವರು ನಿದ್ದೆ ಮಾಡ್ತಿಲ್ಲ, ಯೋಚನೆ ಮಾಡ್ತಿದಾರೆ" ಎಂದು ಹಿಂದಿನ ಸೀಟಿನವರಿಗೆ ಹೇಳಿ ಮುಂದುವರಿಸಿದರು.

ಚೆಕ್-ಇನ್ ಕೌಂಟರಿನ ಹುಡುಗನೊಬ್ಬ ಒಮ್ಮೆ, "ಕಂಪನಿ ಉಳಿದರೆ ತಾನೇ ಸಾರ್ ನಾವು? ಕಷ್ಟಕಾಲದಲ್ಲಿ ಸ್ವಲ್ಪ ಬಿಟ್ಟುಕೊಡೋಣ" ಎಂದ. ಪಾಪ, ಹೊಸಬ. ರಾಯರು ಅವನನ್ನು ಅಮೆರಿಕಕ್ಕೇ ಕರೆದೊಯ್ದರು. 2003ರಲ್ಲಿ ಅಮೆರಿಕನ್ ಏರ್‌ಲೈನ್ಸ್ ದಿವಾಳಿಯ ಅಂಚಿಗೆ ಬಂದಾಗ ಅಲ್ಲಿನ ಯೂನಿಯನ್‌ಗಳು ವರ್ಷಕ್ಕೆ 160 ಕೋಟಿ ಡಾಲರಿಗೂ ಮೀರಿದ ಕಡಿತಕ್ಕೆ ಒಪ್ಪಿದವು. ಒಪ್ಪಿದ ಮೇಲೆ ಗೊತ್ತಾಯಿತು, ದೊಡ್ಡ ಸಾಹೇಬರುಗಳಿಗೆ ಬೋನಸ್ಸು, ಅವರ ಪಿಂಚಣಿಗೆ ಬೇರೆ ಭದ್ರತೆ ಎಲ್ಲ ಮೊದಲೇ ಏರ್ಪಾಡಾಗಿತ್ತು. ಗಲಾಟೆಯಾಗಿ ಮುಖ್ಯಸ್ಥ ಡಾನ್ ಕಾರ್ಟಿ ಅದೇ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟ. "ಅಷ್ಟು ದೂರ ಯಾಕೆ, ನಮ್ಮೂರಿನದೇ ಕಿಂಗ್‌ಫಿಶರ್! ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದರು. 2012ರ ಅಕ್ಟೋಬರಿನಲ್ಲಿ ಲೈಸೆನ್ಸೇ ಅಮಾನತು. ಏನು ಉಳೀತು?"

ಹುಡುಗನಿಗೆ ಮನವರಿಕೆಯಾಯಿತು. "ಹಾಗಾದರೆ ಯೂನಿಯನ್ ಬೇಕು ಸಾರ್" ಎಂದುಬಿಟ್ಟ. ತಕ್ಷಣ ರಾಯರು ಪಕ್ಷ ಬದಲಿಸಿದರು.

"ಯೂನಿಯನ್ನಾ? ಏರ್ ಇಂಡಿಯಾ ನೋಡ್ರೀ!" 2007ರಲ್ಲಿ ಇಂಡಿಯನ್ ಏರ್‌ಲೈನ್ಸನ್ನು ಏರ್ ಇಂಡಿಯಾದೊಂದಿಗೆ ಸೇರಿಸಿದ್ದು ಕೂಡುಕುಟುಂಬಕ್ಕೆ ಒಲೆ ಒಂದೇ ಮಾಡಿ ಪಾತ್ರೆ ಬೇರೆಬೇರೆ ಇಟ್ಟಂತಾಯಿತು. 2011ರಲ್ಲಿ ಹಳೇ ಇಂಡಿಯನ್ ಏರ್‌ಲೈನ್ಸಿನ ಪೈಲಟ್‌ಗಳು ಆ ಕಡೆಯವರಷ್ಟೇ ಸಂಬಳ ನಮಗೂ ಬೇಕೆಂದು ಮುಷ್ಕರ ಹೂಡಿದರು. 2012ರಲ್ಲಿ ಆ ಕಡೆಯವರು, ಡ್ರೀಮ್‌ಲೈನರ್ ತರಬೇತಿ ಈ ಕಡೆಯವರಿಗೆ ಕೊಡಕೂಡದೆಂದು 58 ದಿನ ಹಾರಲಿಲ್ಲ. ಒಂದೇ ಕಂಪನಿ, ಎರಡು ಸಂಘ. ಎರಡು ಸಲವೂ ಮ್ಯಾನೇಜ್‌ಮೆಂಟ್ ಮಾಡಿದ್ದು ಮಾತ್ರ ಒಂದೇ: ಸಂಘದ ಮಾನ್ಯತೆ ರದ್ದು. "ಪೈಲಟ್ಟಿಗೆ ಎಂಜಿನಿಯರ್ ಕಾಣೋದಿಲ್ಲ, ಎಂಜಿನಿಯರಿಗೆ ಟೆಕ್ನಿಷಿಯನ್ ಕಾಣೋದಿಲ್ಲ. ಒಗ್ಗಟ್ಟೆಲ್ಲಿ ಬಂತು?" ಎಂದು ನನ್ನ ತೊಡೆಗೆ ಬಾರಿಸಿದರು. ಹುಡುಗ ಮರುದಿನದಿಂದ ಬೈಕಿನಲ್ಲಿ ಬರತೊಡಗಿದ.

ಹೀಗೆ ಎಲ್ಲರೊಂದಿಗೂ ಭಿನ್ನಮತ ಇಟ್ಟುಕೊಂಡ ಮನುಷ್ಯ 2020ರಲ್ಲಿ ಒಮ್ಮೆಗೇ ಎಲ್ಲರಿಗೂ ಬೇಕಾದರು. ಎರಡು ತಿಂಗಳು ನಿಂತಿದ್ದ ದೇಶದೊಳಗಿನ ವಿಮಾನಗಳು ಮೇ 25ರಂದು ಮತ್ತೆ ಹಾರತೊಡಗಿದ್ದವು. ಹಿಂದೆಯೇ ನಮ್ಮ ಕಂಪನಿಯಿಂದ ಒಂದು ಲೆಟರ್: ಸಂಬಳ ಕಡಿತಕ್ಕೆ ಸ್ವಇಚ್ಛೆಯಿಂದ ಒಪ್ಪಿದ್ದೇನೆ, ಸಹಿ. ಸ್ವಇಚ್ಛೆ ಶುಕ್ರವಾರದೊಳಗೆ ತಲುಪಬೇಕು. ನಾವೆಲ್ಲ ಮೊದಲ ಪುಟ ಓದಿ ನಿಟ್ಟುಸಿರಿಟ್ಟೆವು. ರಾಯರು ಎರಡನೇ ಪುಟ ಓದಿದರು. ಕಡಿತ ಎಂದಿನವರೆಗೆ ಎಂಬ ಸಾಲೇ ಅದರಲ್ಲಿರಲಿಲ್ಲ.

ಮನವಿಯೊಂದು ತಯಾರಾಯಿತು. ಮೊದಲ ಸಹಿ ಯಾರದು? ಎಲ್ಲರಿಗೂ ಒಮ್ಮೆಲೇ ಬಾಯಾರಿಕೆಯಾಗಿ ನೀರಿನ ನಲ್ಲಿಯ ಕಡೆ ಹೊರಟರು, ಮುಂದಾಳತ್ವ ನನ್ನದು. ರಾಯರು ಬೇಸರಿಸಲಿಲ್ಲ. ಟಿಫನ್ ಡಬ್ಬಿಯ ಮುಚ್ಚಳ ಬೋರಲು ಹಾಕಿ ಹಾಳೆಯ ಮೇಲೆ ಒಂದು ಸುತ್ತು ಗೆರೆ ಎಳೆದರು. "ಸುತ್ತಲೂ ಹಾಕಿ. ವೃತ್ತಕ್ಕೆ ಮೊದಲು ಯಾವುದು, ಕೊನೆ ಯಾವುದು?" ಗೆರೆಯ ಪಕ್ಕದಲ್ಲೇ ಹುಳಿಯ ಕಲೆಯೊಂದು ಹಳದಿಯಾಗಿ ಮೂಡಿತ್ತು. ಸಹಿಗಳು ಬಿದ್ದವು. ನನ್ನದೂ ಇತ್ತು, ನನ್ನ ಬ್ಯಾಂಕಿನವರೇ ಒಪ್ಪದಂಥ ಸಹಿ.

ಆಗ ಲೋಡರ್ ಒಬ್ಬ ಬಂದು ನಿಂತ. ಗುತ್ತಿಗೆಯವನು. ನಮ್ಮ ವಿಮಾನಕ್ಕೇ ಬ್ಯಾಗು ಹೊತ್ತರೂ ನಮ್ಮ ಕಂಪನಿಯವನಲ್ಲ. "ಸಾರ್, ನಾವೂ ಹಾಕಬೋದಾ?"

"ನಿಮಗೆ ಲೆಟರ್ ಬಂದಿಲ್ಲವಲ್ಲಪ್ಪಾ."

"ನಮಗೆ ಲೆಟರ್ ಯಾಕೆ ಸಾರ್? ಅರ್ಧ ಜನಕ್ಕೆ ನಾಳೆಯಿಂದ ಬರಬೇಡಿ ಅಂತ ಫೋನಲ್ಲೇ ಹೇಳಿದ್ರು."

ಆ ದಿನ ವಾಪಸು ಕ್ಯಾಬಿನಲ್ಲಿ ರಾಯರು ಮಾತಾಡಲಿಲ್ಲ. ಬೇಕೆಂದು ಹಾತೊರೆಯುತ್ತಿದ್ದ ನಿದ್ದೆ ಸಿಗುವ ಅವಕಾಶ, ಆದರೆ ನಮಗ್ಯಾರಿಗೂ ನಿದ್ದೆ ಬರಲಿಲ್ಲ. ಪೈಲಟ್ಟಿನಿಂದ ಟೆಕ್ನಿಷಿಯನ್‌ವರೆಗೆ ಇಳಿದು ಬಂದ ಅವರ ಪಟ್ಟಿ ಅಲ್ಲಿಗೇ ನಿಂತಿತ್ತಲ್ಲ, ಅದರ ಕೆಳಗೂ ಮೆಟ್ಟಿಲಿದೆ ಎಂಬುದು ಅವರಿಗೂ ಹೊಳೆದಿರಲಿಲ್ಲವೇನೋ. ನನಗಂತೂ ಹೊಳೆದಿರಲಿಲ್ಲ. ಅವನ ಬೆನ್ನಿನ ಮೇಲಿನ ತೂಕವನ್ನು ದಿನಾ ಲೆಕ್ಕ ಹಾಕುತ್ತಿದ್ದವನು ನಾನೇ.

ಮರುದಿನ ರಾಯರು ಚಾರ್ಟ್ ಪೇಪರ್ ತಂದರು, ಜೊತೆಗೆ ಮನೆಯ ಅನ್ನದ ಪಾತ್ರೆಯ ಮುಚ್ಚಳ. ದೊಡ್ಡ ವೃತ್ತ. ಲೋಡರುಗಳೂ ಸಹಿ ಹಾಕಿದರು. ಎಚ್ಆರ್ ಸಾಹೇಬರು ಚಾರ್ಟನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿ, "ಇದಕ್ಕೆ ಲೀಡರ್ ಯಾರು?" ಎಂದರು. ಯಾರೂ ಇಲ್ಲ ಎಂದೆವು. "ಹಾಗಾದರೆ ಚಾರ್ಟ್ ಕೊಂಡವರು ಯಾರು?" ರಾಯರು ಫೈಲು ಬಿಚ್ಚಿದರು. ಅಂಗಡಿಯ ಬಿಲ್ಲೂ ಅದರಲ್ಲಿತ್ತು, ಅವರ ಹೆಸರಿನಲ್ಲಿ, ಜೆರಾಕ್ಸ್ ಸಮೇತ.

ಕಡಿತ ನಿಲ್ಲಲಿಲ್ಲ. ಆದರೆ ಹೊಸ ಲೆಟರಿನಲ್ಲಿ ಕಡಿತದ ಕೊನೆಯ ತಿಂಗಳು ಯಾವುದೆಂದು ಒಂದು ಸಾಲು ಸೇರಿತು. ಲೋಡರುಗಳ ವಿಷಯದಲ್ಲಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ರಾಯರಿಗೆ ಹೈದರಾಬಾದಿಗೆ ವರ್ಗವಾಯಿತು. ಅಲ್ಲಿಂದಲೇ ನಿವೃತ್ತರಾಗಿ ಈಗ ಜಯನಗರಕ್ಕೆ ಮರಳಿದ್ದಾರೆ, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕದ ವಿಚಾರದಲ್ಲಿ ಎರಡು ಬಣಗಳಾಗಿವೆ ಎಂದು ಕೇಳಿದೆ.

ನಿಮಗೂ ಸ್ವಇಚ್ಛೆಯ ಲೆಟರ್ ಏನಾದರೂ ಬಂದಿದ್ದರೆ ಹೇಳಿ, ರಾಯರ ನಂಬರ್ ಕೊಡುತ್ತೇನೆ. ಬೆಳಗಿನ ಜಾವ ಮೂರಕ್ಕೆ ಮಾತ್ರ ಫೋನ್ ಮಾಡಬೇಡಿ. ಎತ್ತಿಬಿಡುತ್ತಾರೆ.