ಅರ್ಧ ಲೀಟರ್ ಬಾಟಲಿಗೆ ಒಂದು ಬಹಿರಂಗ ಪತ್ರ

ಶ್ರೀ ಅರ್ಧ ಲೀಟರ್ ನೀರಿನ ಬಾಟಲಿಯವರಿಗೆ, ಜೊಯಿಡಾ ತಾಲೂಕಿನಿಂದ ಸಾದರ ನಮಸ್ಕಾರಗಳು.

ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸಿ ಬಂದ ನಿಮ್ಮ ಯಜಮಾನರು ಗಣೇಶಗುಡಿಯಲ್ಲಿ ಇಳಿದ ಕೂಡಲೇ ನಿಮ್ಮ ಮುಚ್ಚಳ ತೆಗೆದು ಬಾಯಿ ಮುಕ್ಕಳಿಸುತ್ತಾರೆ. ಮಿಕ್ಕಿದ್ದರಲ್ಲಿ ಅರ್ಧ ತಂಪು ಕನ್ನಡಕ ತೊಳೆಯಲು. ಆಮೇಲೆ ಚಾರಣ ಶುರು. ಅವರ ಬ್ಯಾಗಿನೊಳಗೆ ಎರಡು ಪವರ್ ಬ್ಯಾಂಕ್, ಒಂದು ಬ್ಲೂಟೂತ್ ಸ್ಪೀಕರ್, ಫೋಟೊಗೊಂದರಂತೆ ಮೂರು ಟೀ ಶರ್ಟ್ ಬೆಚ್ಚಗಿವೆ. ನೀವು ಮಾತ್ರ ಹೊರಗಿನ ಬಲೆಯ ಜೇಬಿನಲ್ಲಿ, ತಳದಲ್ಲಿ ನಾಲ್ಕು ಗುಟುಕು ಇಟ್ಟುಕೊಂಡು, ಇಡೀ ಗುಂಪಿನ ಜೀವರಕ್ಷಕರೆಂಬ ಬಿರುದು ಹೊತ್ತು ನೇತಾಡುತ್ತೀರಿ.

‘ಎದುರಿಗೆ ಅಷ್ಟು ನೀರಿದೆಯಲ್ಲ!’ ಎಂಬುದು ಯಜಮಾನರ ವಾದ. ಇದೆ, ಸುಳ್ಳಲ್ಲ. ಕಾಳಿ ನದಿ ಹುಟ್ಟುವುದೇ ಈ ತಾಲೂಕಿನ ಡಿಗ್ಗಿ ಬಳಿ. 101 ಮೀಟರ್ ಎತ್ತರದ ಸುಪಾ ಅಣೆಕಟ್ಟಿನ ಹಿಂದೆ 145 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ. ಹಳೆಯ ಸುಪಾ ಪಟ್ಟಣವೇ ಅದರಡಿ ಮಲಗಿದೆ. ಆದರೆ ಅದನ್ನು ಕಟ್ಟಿದ್ದು ಕರೆಂಟಿಗಾಗಿ. ಚಾರಣಿಗರಿಗೆಂದು ಯಾರೂ ಅಲ್ಲಿ ನಲ್ಲಿ ಕೂರಿಸಿಲ್ಲ. ಸಿಂಥೇರಿಯ 300 ಅಡಿ ಬಂಡೆಯ ಬುಡದಲ್ಲಿ ಕಾನೇರಿ ಹೊಳೆ ಹರಿಯುತ್ತದೆ, ಮೆಟ್ಟಿಲು ಹತ್ತುವವರ ಬೆನ್ನಿಗೆ ಅದು ಬರುವುದಿಲ್ಲ. ಹಳ್ಳದ ನೀರು ಕನ್ನಡಿಯಂತೆ ಕಂಡರೂ ಮೇಲೆಲ್ಲೋ ಕಾಡೆಮ್ಮೆ ಇಳಿದಿರಬಹುದು. ಕುದಿಸದೆ, ಸೋಸದೆ ಕುಡಿದವರ ಚಾರಣ ಊರಿಗೆ ಹೋದ ಮೇಲೂ ಮುಂದುವರಿಯುತ್ತದೆ, ಕೋಣೆಯಿಂದ ಪಾಯಖಾನೆಗೆ.

ಬಿಸಿಲಲ್ಲಿ ಗುಡ್ಡ ಹತ್ತುವ ಮೈಯಿಂದ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುತ್ತದೆ. ಅಂದರೆ ನೀವು ಕತ್ತಿನವರೆಗೆ ತುಂಬಿದ್ದರೂ ನಿಮ್ಮ ಸೇವಾವಧಿ ಹೆಚ್ಚೆಂದರೆ ಒಂದು ಗಂಟೆ. ಅರ್ಧ ದಿನದ ನಡಿಗೆಗೆ ತಲೆಗೆ ಎರಡು ಮೂರು ಲೀಟರ್ ಬೇಕು. ಲೀಟರಿಗೆ ಒಂದು ಕೆಜಿ ಭಾರ, ಅದೇ ಯಜಮಾನರ ತಕರಾರು. (ಸ್ಪೀಕರಿನ ಭಾರದ ಬಗ್ಗೆ ಅವರದು ಮೌನ.) ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಗಟಗಟ ಕುಡಿದರೂ ತೊಂದರೆಯೇ. ಒಂದು ಓಆರ್‌ಎಸ್ ಪೊಟ್ಟಣ ಇರಲಿ. ಇಲ್ಲವೇ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ನಮ್ಮ ಕಾಡಿನ ಮತ್ತಿ ಮರ ನೋಡಿ. ಮೊಸಳೆ ಚರ್ಮದಂಥ ತೊಗಟೆಯೊಳಗೆ ಬೇಸಿಗೆಗೆಂದು ನೀರು ಕೂಡಿಟ್ಟುಕೊಳ್ಳುತ್ತದೆ. 2024ರ ಮಾರ್ಚಿನಲ್ಲಿ ಆಂಧ್ರದ ಪಾಪಿಕೊಂಡಲು ಕಾಡಿನಲ್ಲಿ ಅರಣ್ಯ ಸಿಬ್ಬಂದಿ ಇಂಥದೇ ಮರಕ್ಕೆ ಕಚ್ಚು ಹಾಕಿದಾಗ ನೀರು ಚಿಮ್ಮಿತ್ತು. ಹೆಜ್ಜೆ ಕಿತ್ತಿಡದ ಮರಕ್ಕೇ ಇಷ್ಟು ಮುಂದಾಲೋಚನೆ! ದಯವಿಟ್ಟು ಇದನ್ನು ಯಜಮಾನರಿಗೆ ಹೇಳಬೇಡಿ, ಮುಂದಿನ ವಾರ ಕೊಡಲಿ ತಂದಾರು.

ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇದೇ ಕಾಡಿನಲ್ಲಿ ಚಕ್ಕಡಿ ಹೊಡೆದುಕೊಂಡು ಬರುತ್ತಾರೆ. ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನೀರಿನ ಕೊಡ, ಎತ್ತಿಗೆ ಮೇವು, ಎಲ್ಲವೂ ಮನೆಯಿಂದಲೇ. ಅವರ ಎತ್ತುಗಳಿಗಿರುವ ಸಿದ್ಧತೆ ನಿಮ್ಮ ಯಜಮಾನರಿಗಿಲ್ಲ.

ಅಪ್ಪಣೆಯ ಸಿದ್ಧತೆಯೂ ಅಷ್ಟೇ. 2023ರ ಜುಲೈಯಲ್ಲಿ ಕ್ಯಾಸಲ್‌ರಾಕ್ ಆಚೆಗಿನ ದೂಧಸಾಗರ ಜಲಪಾತ ನೋಡಲು ಅಪ್ಪಣೆಯಿಲ್ಲದೆ ರೈಲು ಹಳಿ ಹಿಡಿದು ಹೊರಟವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದು ದೇಶವೆಲ್ಲ ನೋಡಿತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಕಾಡಿನಲ್ಲಿ ಎಡವಟ್ಟಾದರೆ ಫೋನ್ ಮಾಡೋಣವೆಂದರೆ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ. ಅಲ್ಲಿ ಪವರ್ ಬ್ಯಾಂಕಿನಿಂದ ಫೋನ್ ತುಂಬುತ್ತದೆಯೇ ಹೊರತು ಕರೆ ಹೋಗುವುದಿಲ್ಲ.

ಕೊನೆಯದಾಗಿ ನಿಮ್ಮದೇ ವಿಚಾರ. ಖಾಲಿಯಾದ ಕ್ಷಣ ಜೀವರಕ್ಷಕರ ಬಿರುದು ಹೋಗಿ ನೀವು ಪೊದೆಯ ಪಾಲು. ನಿಮ್ಮ ನೂರಾರು ಬಂಧುಗಳು ಈಗಾಗಲೇ ಇಲ್ಲಿನ ರಸ್ತೆ ಬದಿಯಲ್ಲಿ ಬಿಡಾರ ಹೂಡಿದ್ದಾರೆ. ಆದ್ದರಿಂದ ಮುಂದಿನ ಸಲ ನೀವು ಮನೆಯಲ್ಲೇ ಇರಿ. ನಿಮ್ಮ ಬದಲು ಎರಡು ಲೀಟರಿನ ಸ್ಟೀಲ್ ಬಾಟಲಿಯನ್ನು ಕಳಿಸಿಕೊಡಿ. ಅದನ್ನು ಎಸೆಯಲು ಯಜಮಾನರಿಗೆ ಮನಸ್ಸು ಬರಲಿಕ್ಕಿಲ್ಲ, ದುಡ್ಡು ಕೊಟ್ಟಿರುತ್ತಾರೆ.

ಇತಿ,
ಜೊಯಿಡಾ ಕಡೆಯ ಒಬ್ಬ ಹಿತೈಷಿ