ಕಿರುಚಾಟಕ್ಕೊಂದು ವಿಮರ್ಶೆ

ಸಂಗೀತ ವಿಮರ್ಶೆಗೆ ಸ್ವರಜ್ಞಾನ ಬೇಕು, ತಾಳಜ್ಞಾನ ಬೇಕು, ಕೊನೇಪಕ್ಷ ತೂಗುವುದಕ್ಕೊಂದು ತಲೆಯಾದರೂ ಬೇಕು ಎನ್ನುತ್ತಾರೆ ಬಲ್ಲವರು. ನನ್ನಲ್ಲಿ ಮೊದಲೆರಡೂ ಇಲ್ಲ. ಆದರೆ ಮುಂಬಯಿಯ ಬೊರಿವಲಿಯ ಕಿವಿ ಇದೆ. ಸಂಜೆ ಹೊತ್ತು ನಮ್ಮ ಸ್ಟೇಷನ್ನಿನ ಸೇತುವೆಯ ಮೇಲೆ ಒಮ್ಮೆ ನಿಂತು ನೋಡಿ. ಕೆಳಗೆ ವಿರಾರ್ ಫಾಸ್ಟಿನ ಹಾರ್ನು, ಪಕ್ಕದಲ್ಲಿ ಕರ್ಚೀಫು ಮಾರುವವನ ಕೂಗು, ಹೆಗಲ ಹಿಂದೆ ಯಾರದೋ ಫೋನಿನಲ್ಲಿ ಶೇರುಪೇಟೆ, ತಲೆಯ ಮೇಲೆ ಒಂದೇ ವಿಷಯವನ್ನು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಸಮಾನವಾಗಿ ಗೊಗ್ಗರಿಸುವ ಧ್ವನಿವರ್ಧಕ. ಇಷ್ಟರ ನಡುವೆಯೂ ಪ್ಲಾಟ್‌ಫಾರ್ಮ್ ಬದಲಾದ ಸುದ್ದಿ ಹೇಗೋ ಎಲ್ಲರ ಕಿವಿಗೂ ಬಿದ್ದು, ಇಡೀ ಸೇತುವೆ ಓಡತೊಡಗುತ್ತದೆ. ಬೀಟಲ್ಸ್ ತಂಡದ ಹಾಲಿವುಡ್ ಬೌಲ್ ಧ್ವನಿಮುದ್ರಿಕೆಯನ್ನು ವಿಮರ್ಶಿಸಲು ಇದಕ್ಕಿಂತ ದೊಡ್ಡ ಪದವಿ ಯಾವ ವಿಶ್ವವಿದ್ಯಾಲಯವೂ ಕೊಡಲಾರದು.

ಹಾಲಿವುಡ್ ಬೌಲ್ ಲಾಸ್ ಏಂಜಲಿಸ್‌ನ ಬಯಲು ರಂಗಮಂದಿರ. 1964ರ ಆಗಸ್ಟ್ 23ರಂದು, ಮರುವರ್ಷ ಆಗಸ್ಟ್ 29 ಮತ್ತು 30ರಂದು ಆ ನಾಲ್ವರು ಅಲ್ಲಿ ಹಾಡಿದರು. ಹಾಡಿದರು ಎಂಬುದಕ್ಕೆ ಈ ಧ್ವನಿಮುದ್ರಿಕೆಯೇ ಸಾಕ್ಷಿ. ಸುಮಾರು 17,000 ಪ್ರೇಕ್ಷಕರನ್ನು ಕೇಳಿದ್ದರೆ ಸಾಕ್ಷಿ ಸಿಗುತ್ತಿರಲಿಲ್ಲ. ದುಡ್ಡು ಕೊಟ್ಟು ಒಳಗೆ ಬಂದವರು, ಹಾಡು ಒಂದಿಷ್ಟೂ ಕೇಳಿಸದ ಹಾಗೆ ತಾವೇ ಕಾಳಜಿ ವಹಿಸಿದ್ದರು. ನಾನು ಮನೆಯಲ್ಲಿ ಮೊದಲ ಹಾಡು ಹಾಕುತ್ತಿದ್ದಂತೆ ಪಕ್ಕದ ಮನೆಯ ಗುಜರಾತಿ ಅಜ್ಜಿ ಬಾಗಿಲು ತಟ್ಟಿ, ‘ಕುಕ್ಕರ್ ಆಗಿನಿಂದ ಕೂಗುತ್ತಿದೆ, ಗ್ಯಾಸು ಆರಿಸಬಾರದೆ?’ ಎಂದರು. ಇಷ್ಟು ಚಿಕ್ಕದಾಗಿ, ಇಷ್ಟು ಕರಾರುವಾಕ್ಕಾಗಿ ಈ ತಟ್ಟೆಯನ್ನು ವಿಮರ್ಶಿಸಿದವರನ್ನು ನಾನು ಕಂಡಿಲ್ಲ.

ವೇದಿಕೆಯ ಮೇಲಿದ್ದವರ ಪಾಡೂ ಅದೇ. ತಮ್ಮ ಹಾಡು ತಮಗೇ ಕೇಳಿಸುವಂತೆ ಹಾಡುಗಾರರತ್ತ ಮುಖ ಮಾಡಿದ ಸ್ಪೀಕರುಗಳು ಆಗ ಇರಲಿಲ್ಲ. ಹಾಡು ಎಲ್ಲಿಗೆ ಬಂತೆಂದು ತಿಳಿಯಲು ಹಿಂದೆ ಕೂತ ಡ್ರಮ್ಮರ್ ರಿಂಗೋ ಮುಂದಿನವರ ತಲೆಯಾಟವನ್ನೂ ಹಿಂಭಾಗದ ಕುಣಿತವನ್ನೂ ನೋಡುತ್ತಿದ್ದನಂತೆ. ಅಷ್ಟಾಗಿಯೂ ತಾಳ ತಪ್ಪಿಲ್ಲ. ನಮ್ಮ ಸಂಘದ ಭಜನೆಯಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ಆದರೂ ಮಂಗಳಾರತಿಗೆ ಮೂವರು ಮೂರು ದಾರಿಯಲ್ಲಿ ಬಂದು ಸೇರುತ್ತಾರೆ.

ಬೀಟಲ್ಸ್ ಧ್ವನಿಮುದ್ರಿಕೆಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಈ ಗದ್ದಲ ಹಿಡಿಸಲಿಲ್ಲ. ಟೇಪುಗಳು ಕ್ಯಾಪಿಟಲ್ ರೆಕಾರ್ಡ್ ಕಂಪನಿಯ ಕಪಾಟು ಸೇರಿ ಹತ್ತು ವರ್ಷಕ್ಕೂ ಮೇಲೆ ಮಲಗಿದವು. ಎಬ್ಬಿಸಿದವರು ಯಾರು? ಕ್ಯಾಪಿಟಲ್‌ನ ಅಧ್ಯಕ್ಷ, ತಿರುವನಂತಪುರದ ಭಾಸ್ಕರ್ ಮೆನನ್. ಅಮೆರಿಕದ ಗದ್ದಲದೊಳಗೆ ಹಾಡೂ ಇದೆಯೆಂದು ಗುರುತಿಸಲು ಕೊನೆಗೂ ಭಾರತದ ಕಿವಿಯೇ ಬೇಕಾಯಿತು! ಮೂರು ಟ್ರ್ಯಾಕಿನ ಟೇಪು ಓಡಿಸಲು ಹುಡುಕಿ ತಂದ ಹಳೇ ಯಂತ್ರ ಕಾದು ಕೆಂಡವಾಗುತ್ತಿತ್ತು. ವ್ಯಾಕ್ಯೂಮ್ ಕ್ಲೀನರಿನಿಂದ ತಣ್ಣನೆ ಗಾಳಿ ಊದಿಸುತ್ತ, ರೋಗಿಯನ್ನು ನೋಡಿಕೊಂಡಂತೆ ನೋಡಿಕೊಂಡು ಟೇಪುಗಳನ್ನು ನಕಲು ಮಾಡಿಕೊಂಡರು. 1977ರಲ್ಲಿ ಹದಿಮೂರು ಹಾಡುಗಳ ತಟ್ಟೆ ಹೊರಬಂತು, ಕಿರುಚಾಟ ಸಮೇತ.

ನನಗದು ಹೊಸತಲ್ಲ. ಮುಂಬಯಿಯ ಕರಾವಳಿ ಮನೆಗಳಲ್ಲಿ ತಾಳಮದ್ದಳೆಯ ಕ್ಯಾಸೆಟ್ಟು ಕೇಳಿ ಬೆಳೆದವರಿಗೆ ಕರ್ಣನ ಅರ್ಥದಷ್ಟೇ ಮುಂದಿನ ಸಾಲಿನವರ ಕೆಮ್ಮೂ ಬಾಯಿಪಾಠ. ಶಲ್ಯ ರಥದಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಯಾರೋ ಕುರ್ಚಿ ಎಳೆಯುತ್ತಾರೆ. ಎಳೆಯದಿದ್ದರೆ ಶಲ್ಯ ಇಳಿದನೆಂದು ನಂಬಿಕೆ ಬರುವುದಿಲ್ಲ.

ಮುಂಬಯಿಯ ಸದ್ದಿಗೂ ಬೀಟಲ್ಸ್‌ಗೂ ನೇರ ನಂಟೇ ಇದೆ. 1968ರ ಜನವರಿಯಲ್ಲಿ ಆ ನಾಲ್ವರಲ್ಲೊಬ್ಬರಾದ ಜಾರ್ಜ್ ಹ್ಯಾರಿಸನ್ ಇಲ್ಲಿನ ಎಚ್‌ಎಂವಿ ಸ್ಟುಡಿಯೋದಲ್ಲಿ ‘ವಂಡರ್‌ವಾಲ್’ ಚಿತ್ರಕ್ಕೆ ಸಂಗೀತ ಮುದ್ರಿಸಿಕೊಂಡರು. ಸ್ಟೀರಿಯೋ ಯಂತ್ರವನ್ನು ಕಲ್ಕತ್ತೆಯಿಂದ ತಂದುಕೊಟ್ಟವರೂ ಅದೇ ಮೆನನ್. ಗೋಡೆಗಳೋ ಸದ್ದು ತಡೆಯುವ ಜಾತಿಯವಲ್ಲ. ಹೊರಗಿನ ಟ್ಯಾಕ್ಸಿಗಳೂ ಮುದ್ರಣವಾಗಿವೆ. ಕಟ್ಟಡದ ಆಫೀಸುಗಳು ಬಿಟ್ಟಾಗ ಜನ ಮೆಟ್ಟಿಲಿಳಿಯುವ ದಡಬಡಕ್ಕೆ ಮುದ್ರಣವನ್ನೇ ನಿಲ್ಲಿಸಬೇಕಾಗುತ್ತಿತ್ತು ಎಂದು ಹ್ಯಾರಿಸನ್ ನೆನಪಿಸಿಕೊಂಡಿದ್ದಾರೆ. ಆ ಆಫೀಸಿನ ಜನ ಯಾಕೆ ಓಡುತ್ತಿದ್ದರೆಂದು ಪಾಪ ಆ ಇಂಗ್ಲಿಷಿನವರಿಗೆ ಹೇಗೆ ಗೊತ್ತಾಗಬೇಕು? ಚರ್ಚ್‌ಗೇಟಿನಲ್ಲಿ ಬೊರಿವಲಿ ಲೋಕಲ್ ನಿಂತಿತ್ತು. ಕಿಟಕಿ ಪಕ್ಕದ ಸೀಟು ಬೀಟಲ್ಸ್‌ಗಾಗಿ ಕಾಯುವುದಿಲ್ಲ.

2016ರಲ್ಲಿ ಮಾರ್ಟಿನ್‌ರ ಮಗ ಜೈಲ್ಸ್ ಹೊಸ ತಂತ್ರಜ್ಞಾನದಿಂದ ಕಿರುಚಾಟವನ್ನು ಹಿಂದೆ ಸರಿಸಿ ಹಾಡನ್ನು ಮುಂದೆ ತಂದ. ಹಾಡುಗಾರ ಲೆನನ್‌ನ ಗಂಟಲು ನಿಚ್ಚಳ, ರಿಂಗೋನ ಪೆಟ್ಟು ಖಚಿತ. ಎಲ್ಲರೂ ಹೊಗಳಿದರು. ನನಗೆ ಮಾತ್ರ ಹದಿನೇಳು ಸಾವಿರ ಕಲಾವಿದರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದ ಹಾಗಾಯಿತು. ನಕ್ಷತ್ರ ಕೊಡುವುದು ವಿಮರ್ಶೆಯ ರೂಢಿ: ಹಾಡಿಗೆ ನಾಲ್ಕು, ಕಿರುಚಿದವರಿಗೆ ಐದು, ವ್ಯಾಕ್ಯೂಮ್ ಕ್ಲೀನರಿಗೆ ಅರ್ಧ. ನಮ್ಮ ಸೊಸೈಟಿಯ ದೂರು ಪುಸ್ತಕದಲ್ಲಿ ನವರಾತ್ರಿಯ ಸ್ಪೀಕರಿದೆ, ಮೇಲಿನ ಮನೆಯ ಡ್ರಿಲ್ಲಿದೆ, ಎದುರು ಮನೆಯ ನಾಯಿಯಿದೆ. ಗದ್ದಲ ಕಡಿಮೆಯಾಯಿತೆಂದು ದೂರು ಬರೆದಿರುವ ಬೊರಿವಲಿ ನಿವಾಸಿ ಬಹುಶಃ ನಾನೊಬ್ಬನೇ. ಕಾರ್ಯದರ್ಶಿಗಳು ಅದನ್ನು ಮುಂದಿನ ಸಭೆಗೆ ಇಟ್ಟುಕೊಂಡಿದ್ದಾರೆ. ಆ ಸಭೆಯಲ್ಲಂತೂ ಗದ್ದಲಕ್ಕೆ ಕೊರತೆಯಾಗದು.